ಸ್ಪ್ಯಾನರ್‌ಗಿಂತ ಬ್ರಶ್ಶಿಗೇ ಕೆಲಸ ಜಾಸ್ತಿ: ಹಳೇ ಎಂಜಿಬಿ ಎಂಜಿನ್ ಮನೆಯಲ್ಲಿ ಕಟ್ಟಿದ್ದು

ಮಾತು ಶುರು ಮಾಡುವ ಮುಂಚೆ ಈ ಎರಡು ಚೂರುಗಳನ್ನು ನಿಮ್ಮ ಕೈಗೆ ಕೊಡುತ್ತೇನೆ. ಮುಂದಿನ ಸಾಲಿನಿಂದ ಹಿಂದಕ್ಕೆ ದಾಟಿಸುತ್ತಾ ಹೋಗಿ. ಮುರಿದ ಬಳೆಯ ಹಾಗೆ ಕಾಣುತ್ತವಲ್ಲ, ಅವು ಬೇರಿಂಗ್ ಶೆಲ್‌ಗಳು. ಪಿಸ್ಟನ್ನಿನ ಮೇಲೆ ಕೆಳಗಿನ ಓಟವನ್ನು ಸುತ್ತುವ ಓಟ ಮಾಡುವ ದಂಡವೇ ಕ್ರ್ಯಾಂಕ್ ಶಾಫ್ಟ್, ಎಂಜಿನ್ ಒಳಗೆ ಅದು ತಿರುಗುವುದು ಇಂಥ ಶೆಲ್‌ಗಳ ಮಡಿಲಲ್ಲಿ. ಒಂದರ ಬೆನ್ನಿಗೆ ಕೆಂಪು ಚುಕ್ಕೆ ಇಟ್ಟಿದ್ದೇನೆ, ಇನ್ನೊಂದಕ್ಕೆ ನೀಲಿ. ಒಳಮೈಯನ್ನು ಉಗುರಿನಿಂದ ಮೆಲ್ಲಗೆ ಸವರಿ ನೋಡಿ. ಯಾವುದು ಜಾಸ್ತಿ ಓಡಿದ್ದು ಅಂತ ಮನಸ್ಸಿನಲ್ಲೇ ಊಹಿಸಿಕೊಳ್ಳಿ. ಉತ್ತರ ಆಮೇಲೆ ಹೇಳುತ್ತೇನೆ.

ನಾನು ಮೆಕ್ಯಾನಿಕ್ ಅಲ್ಲ. ನನ್ನ ಹೊಟ್ಟೆಪಾಡಿನ ಕೆಲಸಕ್ಕೂ ಗ್ರೀಸಿಗೂ ಸಂಬಂಧವೇ ಇಲ್ಲ. ಹತ್ತಾರು ಎಂಜಿನ್ ಕಟ್ಟಿದವನೂ ಅಲ್ಲ. ಒಂದೇ ಎಂಜಿನ್ ಕಟ್ಟಿದ್ದೇನೆ, ಅದನ್ನೇ ಎರಡು ಸಲ. ಎರಡನೇ ಸಲ ಯಾಕೆ ಕಟ್ಟಬೇಕಾಯಿತು ಅನ್ನೋದೇ ಇವತ್ತಿನ ವಿಷಯ.

ಕಾರು ಎಂಜಿಬಿ. 1962ರಲ್ಲಿ ಬಂದದ್ದು, 1980ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಲ್ಲಿ ತಯಾರಾಯಿತು. 5 ಲಕ್ಷಕ್ಕೂ ಜಾಸ್ತಿ ಕಾರುಗಳು ಹೊರಬಂದವು. ಸ್ಪೋರ್ಟ್ಸ್ ಕಾರು ಅಂದ ತಕ್ಷಣ ಒಳಗೆ ಏನೋ ಭಾರೀ ಯಂತ್ರ ಇರುತ್ತದೆ ಅಂದುಕೊಳ್ಳುತ್ತೇವೆ, ಅಲ್ವಾ? ಬಾನೆಟ್ ಎತ್ತಿದರೆ ಇರುವುದು ಸಂಸಾರಸ್ಥರ ಎಂಜಿನ್. ಬಿಎಂಸಿ ಕಂಪನಿಯ ಬಿ ಸೀರೀಸ್. ಇದೇ ವಂಶದ ಎಂಜಿನ್ನುಗಳನ್ನು ಆ ಕಂಪನಿ ಮನೆಮಂದಿಯೆಲ್ಲ ಕೂತು ಹೋಗುವ ಸಾಧಾರಣ ಕಾರುಗಳಿಗೂ ಹಾಕುತ್ತಿತ್ತು. 1798 ಸಿಸಿ, ನಾಲ್ಕು ಸಿಲಿಂಡರ್, ಸಿಲಿಂಡರ್ ಇರುವ ಬ್ಲಾಕೂ ಬೀಡುಕಬ್ಬಿಣ, ಅದರ ಮೇಲೆ ಮುಚ್ಚಳದ ಹಾಗೆ ಕೂರುವ ಹೆಡ್ಡೂ ಬೀಡುಕಬ್ಬಿಣ. ವಾಲ್ವ್ ತೆರೆಸುವ ಕ್ಯಾಮ್ ಶಾಫ್ಟ್ ಕೆಳಗೆ ಬ್ಲಾಕಿನಲ್ಲಿ, ವಾಲ್ವ್‌ಗಳು ಮೇಲೆ ಹೆಡ್ಡಿನಲ್ಲಿ, ನಡುವೆ ಪುಶ್ ರಾಡ್. ಎರಡು ಎಸ್‌ಯು ಕಾರ್ಬುರೇಟರ್. ಹೊಸದಾಗಿದ್ದಾಗ 95 ಕುದುರೆ ಬಲ. ಮೊದಲ ಸಲ ಎಂಜಿನ್ ಬಿಚ್ಚುವವರಿಗೆ ಇದಕ್ಕಿಂತ ಒಳ್ಳೇ ಮೇಷ್ಟ್ರು ಸಿಗುವುದು ಕಷ್ಟ. ಎಲ್ಲ ದಪ್ಪದಪ್ಪ, ಎಲ್ಲ ಕಣ್ಣಿಗೆ ಕಾಣುತ್ತದೆ, ತಪ್ಪು ಮಾಡಿದರೆ ತಕ್ಷಣ ಬೈಯುವುದಿಲ್ಲ. ಆಮೇಲೆ ಬೈಯುತ್ತದೆ.

ಬಿಚ್ಚುವ ಮುಂಚೆ ಬಿಚ್ಚಲೇಬೇಕಾ ಅಂತ ಖಾತ್ರಿ ಮಾಡಿಕೊಳ್ಳಿ. ಹೊಗೆ ಬಂದ ಕೂಡಲೇ ಎಂಜಿನ್ ಕೆಳಗಿಳಿಸಿದವರು ನನಗೆ ಗೊತ್ತು. ನನ್ನ ಕಾರು ನೀಲಿ ಹೊಗೆ ಬಿಡುತ್ತಿತ್ತು. ನೀಲಿ ಅಂದರೆ ಎಣ್ಣೆ ಉರಿಯುತ್ತಿದೆ. ಇಳಿಜಾರಿನಲ್ಲಿ ಕಾಲು ತೆಗೆದು ಮತ್ತೆ ಒತ್ತಿದಾಗ ಭುಸ್ಸಂತ ಬಂದರೆ ವಾಲ್ವಿನ ಕಡ್ಡಿ ಓಡಾಡುವ ಕೊಳವೆ, ಅಂದರೆ ವಾಲ್ವ್ ಗೈಡ್ ಮೇಲೆ ಅನುಮಾನ. ಏರಿನಲ್ಲಿ ಒತ್ತಿ ಓಡಿಸುವಾಗ ಒಂದೇ ಸಮ ಬಂದರೆ ಪಿಸ್ಟನ್ ಸುತ್ತಲಿನ ರಿಂಗ್ ಮೇಲೆ. ನನ್ನದು ಎರಡನೇ ಜಾತಿ. ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿ ನೋಡಿದೆ. ಚದರ ಇಂಚಿಗೆ 150, 145, 95, 150 ಪೌಂಡ್. ಮೂರನೆಯದು ಮಲಗಿದೆ. ಆ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದೆ. 140ಕ್ಕೆ ಎದ್ದಿತು. ಎಣ್ಣೆ ಹೋಗಿ ರಿಂಗಿನ ಸಂದು ಮುಚ್ಚಿತು ಅಂತ ಇದರ ಅರ್ಥ. ಏರದೇ ಇದ್ದಿದ್ದರೆ ತಪ್ಪು ವಾಲ್ವ್ ಕಡೆಯದು, ಹೆಡ್ ಮಾತ್ರ ಬಿಚ್ಚಿದ್ದರೆ ಸಾಕಿತ್ತು. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಮ್ಮಿ ತೋರಿಸಿದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿರುವುದೇ ಜಾಸ್ತಿ. ಒಂದು ಗೇಜು, ಒಂದು ಚಮಚ ಎಣ್ಣೆ, ಅರ್ಧ ಗಂಟೆ. ಇಷ್ಟು ಮಾಡದೆ ಸ್ಪ್ಯಾನರ್ ಹಿಡಿಯಬೇಡಿ.

ಇಳಿಸುವ ಕಥೆ ಬೇಗ ಮುಗಿಸುತ್ತೇನೆ. ಗೇರ್ ಬಾಕ್ಸ್ ಸಮೇತ ಎತ್ತಿದೆ, ಎಂಜಿಬಿಯಲ್ಲಿ ಅದೇ ಸುಲಭ. ಪ್ರತಿ ವೈರಿಗೂ ಚೀಟಿ ಕಟ್ಟಿ, ಬಿಚ್ಚುವ ಮುಂಚೆ ಫೋಟೋ ತೆಗೆಯಿರಿ. ನೆನಪಿರುತ್ತದೆ ಅಂದುಕೊಳ್ಳುತ್ತೀರಿ, ಇರುವುದಿಲ್ಲ. ಬರೀ ಎಂಜಿನ್ನೇ ನೂರೈವತ್ತು ಕೆಜಿಗೂ ಜಾಸ್ತಿ ತೂಗುತ್ತದೆ. ಅದಕ್ಕೆಂದೇ ಮಾಡಿದ ಹಾಯ್ಸ್ಟ್ ತನ್ನಿ. ತೂಗುತ್ತಿರುವ ಎಂಜಿನ್ನಿನ ಕೆಳಗೆ ಕೈಯಾಗಲಿ ಕಾಲಾಗಲಿ ಹಾಕಬೇಡಿ. ಇಷ್ಟೇ.

ಬಿಚ್ಚುವುದು ಮಾತ್ರ ನಿಧಾನವಾಗಿ ಆಗಬೇಕು. ಒಂದು ಉದಾಹರಣೆ. ಹೆಡ್ ಮೇಲೆ ವಾಲ್ವ್ ಒತ್ತುವ ರಾಕರ್ ತೋಳುಗಳನ್ನು ಹೊತ್ತ ರಾಕರ್ ಶಾಫ್ಟ್ ಇರುತ್ತದೆ. ಅದನ್ನು ಹಿಡಿದಿರುವ ನಟ್‌ಗಳಲ್ಲಿ ನಾಲ್ಕು ಸುಮ್ನೆ ರಾಕರ್ ನಟ್ ಅಲ್ಲ. ಹೆಡ್ಡನ್ನು ಬ್ಲಾಕಿಗೆ ಬಿಗಿದಿರುವ ಹನ್ನೊಂದು ನಟ್‌ಗಳಲ್ಲಿ ಅವೂ ಸೇರಿವೆ. ರಾಕರ್ ಮಾತ್ರ ತೆಗೆಯೋಣ ಅಂತ ಆ ನಾಲ್ಕನ್ನೇ ಸಡಿಲಿಸಿದರೆ ಹೆಡ್ಡಿನ ಒಂದು ಬದಿ ಬಿಗಿ, ಇನ್ನೊಂದು ಬದಿ ಸಡಿಲ. ಹೆಡ್ ಸೊಟ್ಟಗಾಗುವುದು ಹೀಗೆ. ಹಾಗಾಗಿ ನೀರು ಇಳಿಸಿ, ಹನ್ನೊಂದನ್ನೂ ಸರದಿಯ ಪ್ರಕಾರ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಇದೆ, ಕಣ್ಣು ತಪ್ಪಿಸುತ್ತದೆ.

ಹೆಡ್ ಎತ್ತಿದ ಮೇಲೆ ಬಟ್ಟೆಯಿಂದ ಒರೆಸಲು ಹೋಗಬೇಡಿ. ಕೈ ಕಟ್ಟಿಕೊಂಡು ನೋಡಿ. ಕೊಳೆಯೇ ಸಾಕ್ಷಿ. ನನ್ನ ಮೂರು ಪಿಸ್ಟನ್‌ಗಳ ತಲೆ ಒಣಗಿದ ಮಸಿ ಬಣ್ಣ. ಮೂರನೇ ಸಿಲಿಂಡರಿನದು ಮಾತ್ರ ಒದ್ದೆ ಒದ್ದೆ, ಟಾರ್ ಬಳಿದ ಹಾಗೆ. ಪಿಸ್ಟನ್ ಹೊರತೆಗೆದಾಗ ಅದರ ಮೇಲಿನ ರಿಂಗ್ ಮೂರು ತುಂಡಾಗಿತ್ತು. ಆದರೆ ಆ ರಿಂಗ್ ನೋಡಿದರೆ ಹಳೆಯದಲ್ಲ! ಅಂಚು ಇನ್ನೂ ಚೂಪಾಗಿದೆ. ಪಿಸ್ಟನ್ ಓಡಾಡುವ ತೂತು, ಅಂದರೆ ಬೋರಿನ ಮೇಲ್ತುದಿಯಲ್ಲಿ ಬೆರಳು ಆಡಿಸಿದೆ, ಒಂದು ಮೆಟ್ಟಿಲು ಸಿಕ್ಕಿತು. ಆಗ ಕಥೆ ಬಿಡಿಸಿಕೊಂಡಿತು. ರಿಂಗ್ ಓಡಾಡುವ ಜಾಗದಲ್ಲಿ ಬೋರ್ ಸವೆಯುತ್ತದೆ, ಅದಕ್ಕಿಂತ ಮೇಲೆ ಸವೆಯುವುದಿಲ್ಲ, ಹಾಗಾಗಿ ಒಂದು ಸಣ್ಣ ಗೀರುದಿಬ್ಬ ಉಳಿಯುತ್ತದೆ. ಹಳೇ ರಿಂಗ್ ಕೂಡ ಜೊತೆಗೇ ಸವೆದು ಮೂಲೆ ದುಂಡಗಾಗಿರುತ್ತದೆ, ದಿಬ್ಬಕ್ಕೆ ತಾಗುವುದಿಲ್ಲ. ನನಗಿಂತ ಮುಂಚಿನವರು ಯಾರೋ ಬೋರ್ ಮುಟ್ಟದೆ ಹೊಸ ರಿಂಗ್ ಮಾತ್ರ ಹಾಕಿ ಮುಗಿಸಿದ್ದರು. ಹೊಸ ರಿಂಗಿನ ಚೂಪು ಮೂಲೆ ಪ್ರತಿ ಸುತ್ತಿಗೂ ಹೋಗಿ ಆ ದಿಬ್ಬಕ್ಕೆ ಗುದ್ದಿದೆ. ಎಷ್ಟು ಅಂತ ತಡೆದೀತು?

ಇನ್ನೊಂದು ವಿಷಯ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡಿಗೂ ಅದರ ಕ್ಯಾಪಿಗೂ ಜೋಡಿ ಇರುತ್ತದೆ. ಕಾರ್ಖಾನೆಯಲ್ಲಿ ಎರಡನ್ನೂ ಸೇರಿಸಿ ಬಿಗಿದು ಆಮೇಲೆ ತೂತು ಕೊರೆದಿರುತ್ತಾರೆ. ಒಂದರ ಕ್ಯಾಪ್ ಇನ್ನೊಂದಕ್ಕೆ ಹಾಕಿದರೆ ತೂತು ದುಂಡಗಿರುವುದಿಲ್ಲ. ಕ್ರ್ಯಾಂಕನ್ನು ಬ್ಲಾಕಿಗೆ ಹಿಡಿಯುವ ಮೇನ್ ಬೇರಿಂಗ್ ಕ್ಯಾಪುಗಳಿಗೂ ಇದೇ ಮಾತು. ನಂಬರ್ ಇದೆಯಾ ನೋಡಿ, ಇಲ್ಲದಿದ್ದರೆ ಬಿಚ್ಚುವ ಮುಂಚೆ ನೀವೇ ಗುರುತು ಹಾಕಿ. ಕ್ಯಾಮಿಗೂ ಪುಶ್ ರಾಡಿಗೂ ನಡುವೆ ಕೂರುವ ಟ್ಯಾಪೆಟ್, ಪುಶ್ ರಾಡ್ ಎಲ್ಲ ಸರದಿಯಲ್ಲೇ ಡಬ್ಬಿ ಸೇರಬೇಕು.

ಇನ್ನು ಅಳೆಯುವುದು. ಇಲ್ಲಿ ಲೆಕ್ಕ ಥೌ ಭಾಷೆಯಲ್ಲಿ. ಒಂದು ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ, ಮಿಲಿಮೀಟರಿನಲ್ಲಿ 0.025. ನಿಮ್ಮ ತಲೆಗೂದಲು ಸುಮಾರು ಮೂರು ಥೌ ದಪ್ಪ. ಎಂಜಿನ್ ಒಳಗೆ ಜೀವ ಸಾವು ತೀರ್ಮಾನವಾಗುವುದು ಒಂದು ಕೂದಲಿಗಿಂತ ಸಣ್ಣ ಸಂದಿನಲ್ಲಿ. ಬೋರಿನ ಅಳತೆ ಹೊಸದಿದ್ದಾಗ 80.26 ಮಿಮೀ. ಮೇಲೆ, ನಡುವೆ, ಕೆಳಗೆ ಅಳೆದೆ. ಪ್ರತಿ ಜಾಗದಲ್ಲೂ ಎಂಜಿನ್ನಿನ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ. ಬೋರ್ ಸಮನಾಗಿ ಸವೆಯುವುದಿಲ್ಲ. ಪಿಸ್ಟನ್ ಒರಗುವ ಬದಿಯಲ್ಲಿ, ಅದೂ ಮೇಲ್ಭಾಗದಲ್ಲಿ ಜಾಸ್ತಿ ತಿನ್ನುತ್ತದೆ. ಮೂರನೆಯದರಲ್ಲಿ ಸವೆತ 9 ಥೌ. ಹೋನಿಂಗ್‌ನಲ್ಲಿ (ಕಲ್ಲಿನಿಂದ ಉಜ್ಜುವುದು) ಹೋಗುವ ಮಾತಲ್ಲ, ಬೋರ್ ಮಾಡಿಸಿ, ಅಂದರೆ ತೂತು ಅಗಲ ಮಾಡಿಸಿ, 20 ಥೌ ಓವರ್ ಸೈಜ್ ಪಿಸ್ಟನ್ ಹಾಕಬೇಕು. ಬೇರಿಂಗಿನಲ್ಲಿ ತಿರುಗುವ ಕ್ರ್ಯಾಂಕಿನ ಭಾಗಗಳು, ಅಂದರೆ ಜರ್ನಲ್‌ಗಳೂ ಎರಡು ಥೌ ಮೊಟ್ಟೆಯಾಕಾರ ಆಗಿದ್ದವು. ಗ್ರೈಂಡಿಂಗ್ ಮಾಡಿಸಿ 10 ಥೌ ಅಂಡರ್ ಸೈಜ್ ಬೇರಿಂಗ್.

ಮನೆಯಲ್ಲಿ ಎಂಜಿನ್ ಕಟ್ಟಿದೆ ಅನ್ನುವವರೆಲ್ಲ ಒಂದು ಸಣ್ಣ ಸುಳ್ಳು ಹೇಳುತ್ತಾರೆ, ನಾನೂ ಸೇರಿ. ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್, ಹೆಡ್ಡಿನ ಮುಖ ಸಮ ಮಾಡುವ ಫೇಸಿಂಗ್ ಯಾವುದೂ ಮನೆಯಲ್ಲಿ ಆಗುವುದಿಲ್ಲ. ದೊಡ್ಡ ಯಂತ್ರ ಬೇಕು, ಪಳಗಿದ ಕೈ ಬೇಕು. ಮೊದಲು ಪಿಸ್ಟನ್ ತರಿಸಿ, ಆಮೇಲೆ ಬ್ಲಾಕ್ ಜೊತೆ ಅವನ್ನೂ ಕೊಡಿ. ಪೆಟ್ಟಿಗೆ ಮೇಲೆ ಬರೆದ ಅಳತೆಗಲ್ಲ, ಆ ಪಿಸ್ಟನ್ನಿನ ಮೈಯಳತೆಗೇ ಬೋರ್ ಕೊನೆ ಮುಟ್ಟಬೇಕು.

ಹೆಡ್ ಬಗ್ಗೆ ಒಂದು ಮಾತು ಜಾಸ್ತಿ ಹೇಳಬೇಕು. ಬಿ ಸೀರೀಸ್ ಹೆಡ್ಡಿನಲ್ಲಿ ನಾಲ್ಕು ಸಿಲಿಂಡರಿಗೆ ಎಕ್ಸಾಸ್ಟ್ ಬಾಗಿಲು ಮೂರೇ. ಎರಡನೆಯದೂ ಮೂರನೆಯದೂ ಒಂದೇ ದಾರಿಯಲ್ಲಿ ಹೊಗೆ ಬಿಡುತ್ತವೆ. ಹಾಗಾಗಿ ನಡುವಿನ ಆ ಜಾಗಕ್ಕೆ ಬಿಸಿ ಜಾಸ್ತಿ. ಬಿರುಕು ಬರುವುದಿದ್ದರೆ ಮೊದಲು ಅಲ್ಲಿ ಹುಡುಕಿ. ದುಡ್ಡು ಸುರಿದು ಹೊಸ ವಾಲ್ವ್, ಗೈಡ್ ಹಾಕಿಸಿದ ಮೇಲೆ ಬಿರುಕು ಕಂಡರೆ ಅಳಬೇಕಾಗುತ್ತದೆ. ಬಿರುಕಿಲ್ಲ ಅಂತ ಗೊತ್ತಾದ ಮೇಲೆ ಎಕ್ಸಾಸ್ಟ್ ವಾಲ್ವ್‌ಗಳಿಗೆ ಗಟ್ಟಿ ಸೀಟ್, ಅಂದರೆ ವಾಲ್ವ್ ಮುಚ್ಚಿ ಕೂರುವ ಬಳೆ, ಕೂರಿಸಿಬಿಡಿ. ಈ ಎಂಜಿನ್ ಹುಟ್ಟಿದ್ದು ಸೀಸ ಬೆರೆಸಿದ ಪೆಟ್ರೋಲ್ ಕಾಲದಲ್ಲಿ. ಆ ಸೀಸ ಉರಿದು ವಾಲ್ವ್ ಸೀಟಿನ ಮೇಲೆ ತೆಳ್ಳಗೆ ಲೇಪ ಕೂರುತ್ತಿತ್ತು, ಲೋಹಕ್ಕೆ ಲೋಹ ಅಂಟದ ಹಾಗೆ ಕಾಯುತ್ತಿತ್ತು. ಬ್ರಿಟನ್ನಿನಲ್ಲಿ 1999ರ ಕೊನೆಗೆ ಆ ಪೆಟ್ರೋಲ್ ನಿಂತಿತು. 2021ರಲ್ಲಿ ಆಲ್ಜೀರಿಯಾದಲ್ಲೂ ನಿಂತ ಮೇಲೆ ಜಗತ್ತಿನ ಯಾವ ಬಂಕಿನಲ್ಲೂ ಕಾರಿಗೆ ಸೀಸದ ಪೆಟ್ರೋಲ್ ಇಲ್ಲ. ಒಳ್ಳೇದೇ ಆಯಿತು, ಅದು ವಿಷ. ಆದರೆ ಮೆತ್ತನೆಯ ಬೀಡಿನ ಸೀಟ್ ಹಾಗೇ ಬಿಟ್ಟು ಜೋರಾಗಿ ಓಡಿಸಿದರೆ ವಾಲ್ವ್ ಮೆಲ್ಲಮೆಲ್ಲಗೆ ಹೆಡ್ಡಿನೊಳಗೆ ಇಳಿಯುತ್ತದೆ. ರಾಕರಿನ ಗ್ಯಾಪ್ ಹೊಂದಿಸಿದಷ್ಟೂ ಮತ್ತೆ ಮುಚ್ಚಿಕೊಳ್ಳುತ್ತದೆ. ಹೆಡ್ ಹೇಗೂ ಕೈಯಲ್ಲಿದೆ, ಆಗಲೇ ಮಾಡಿಸಿ.

ಈಗ ಬರುತ್ತೇನೆ ನನ್ನ ತಪ್ಪಿಗೆ.

ಬ್ಲಾಕ್ ಬೋರ್ ಆಗಿ ಬಂತು. ಥಳಥಳ ಹೊಳೆಯುತ್ತಿತ್ತು. ಬೋರ್ ಮಾಡಿದವರದು ಅಚ್ಚುಕಟ್ಟಾದ ಕೆಲಸ. ತೊಳೆಯೋದು ನನ್ನ ಪಾಲು. ಸೀಮೆಎಣ್ಣೆ ಹಾಕಿ ಉಜ್ಜಿದೆ, ಗಾಳಿ ಹೊಡೆದೆ, ಬಟ್ಟೆಯಲ್ಲಿ ಒರೆಸಿದೆ. ಎಣ್ಣೆ ಹರಿಯುವ ಮುಖ್ಯ ಗ್ಯಾಲರಿ ಅಂತ ಒಂದು ಇರುತ್ತದೆ, ಬ್ಲಾಕಿನ ಉದ್ದಕ್ಕೂ ಕೊರೆದ ಕೊಳವೆ. ಅದರ ತುದಿಗಳಿಗೆ ಪ್ಲಗ್ ಜಡಿದಿರುತ್ತಾರೆ. ಆ ಪ್ಲಗ್‌ಗಳು ಅಲುಗಾಡಲಿಲ್ಲ. ಎರಡು ಸಂಜೆ ಒದ್ದಾಡಿದೆ. ಬ್ಲಾಕ್ ಹಾಳಾದೀತು ಅನ್ನೋ ಭಯ ಬೇರೆ. ಇರಲಿ ಬಿಡು, ಒಂದು ಕಡೆಯಿಂದ ಗಾಳಿ ಹೊಡೆದರೆ ಇನ್ನೊಂದು ಕಡೆ ಬರುತ್ತಿದೆಯಲ್ಲ, ಸ್ವಚ್ಛ ಇದೆ ಅಂದುಕೊಂಡೆ.

ಎಂಜಿನ್ ಕಟ್ಟಿದೆ. ಮೊದಲ ಸಲಕ್ಕೇ ಶುರುವಾಯಿತು. ಆಯಿಲ್ ಪ್ರೆಷರ್ ಚದರ ಇಂಚಿಗೆ 60 ಪೌಂಡ್. ನಾನು ಆ ರಾತ್ರಿ ನಿದ್ದೆ ಮಾಡಲಿಲ್ಲ, ಖುಷಿಗೆ. ಕೆಲವು ನೂರು ಕಿಲೋಮೀಟರ್ ಆದ ಮೇಲೆ ಬಿಸಿ ಎಂಜಿನ್ ಐಡಲ್‌ನಲ್ಲಿರುವಾಗ ಮುಳ್ಳು ಕೆಳಗಿಳಿಯತೊಡಗಿತು. 20 ಇದ್ದದ್ದು 15, ಆಮೇಲೆ 10. ಗೇಜ್ ಕೆಟ್ಟಿದೆ ಅಂದುಕೊಂಡೆ. ಗೇಜ್ ಬದಲಾಯಿಸಿದೆ, ಹೊಸ ಗೇಜೂ ಅದನ್ನೇ ಹೇಳಿತು. ಎಣ್ಣೆ ಇಳಿಸಿ ಬಿಸಿಲಿಗೆ ಹಿಡಿದರೆ ಅದರಲ್ಲಿ ಮಿಣಮಿಣ. ಜರಿ ಸೀರೆ ಅದ್ದಿ ತೆಗೆದ ಹಾಗೆ. ಎಂಜಿನ್ ತಳದ ಎಣ್ಣೆ ತೊಟ್ಟಿ, ಅಂದರೆ ಸಂಪ್ ಬಿಚ್ಚಿದೆ, ಒಂದು ಕ್ಯಾಪ್ ತೆಗೆದೆ.

ಆ ಶೆಲ್ಲೇ ನಿಮ್ಮ ಕೈಯಲ್ಲಿರುವ ನೀಲಿ ಚುಕ್ಕೆಯದು. ಗೀರು ಗೀರು, ಉಗುರು ಸಿಕ್ಕಿಕೊಳ್ಳುತ್ತದೆ ಅಲ್ವಾ? ಅದು ಹೊಸ ಬೇರಿಂಗ್. ಕೆಲವೇ ವಾರ ಓಡಿದ್ದು. ಕೆಂಪು ಚುಕ್ಕೆಯದು ಹಳೇ ಎಂಜಿನ್ನಿನಿಂದ ತೆಗೆದದ್ದು, ವರ್ಷಗಟ್ಟಲೆ ಓಡಿದ್ದು. ಮಾಸಿದೆ, ತೆಳುವಾಗಿದೆ, ಆದರೆ ನುಣ್ಣಗಿದೆ. ಆಗಲೇ ಕೆಲವರು ನೀಲಿಯೇ ಹಳೆಯದು ಅಂತ ಪಿಸುಗುಟ್ಟುತ್ತಿದ್ದಿರಿ, ನನಗೆ ಕೇಳಿಸಿತು.

ಏನಾಗಿತ್ತು ಅಂದರೆ, ಬೋರ್ ಮಾಡಿದ ಪುಡಿ, ಹೋನಿಂಗ್ ಕಲ್ಲಿನ ಪುಡಿ ಗ್ಯಾಲರಿಯ ಮುಚ್ಚಿದ ತುದಿಯಲ್ಲಿ, ಹಳೇ ಎಣ್ಣೆಯ ಜಿಡ್ಡಿನಲ್ಲಿ ಅಂಟಿಕೊಂಡು ಕೂತಿತ್ತು. ಗಾಳಿ ನಡುವಿನ ತೂತುಗಳಿಂದ ಹಾದು ಹೋಗುತ್ತದೆ, ಮೂಲೆಯ ಜಿಡ್ಡಿನ ತಂಟೆಗೆ ಹೋಗುವುದಿಲ್ಲ. ಬಿಸಿ ಎಣ್ಣೆ ಹರಿದಾಗ ಜಿಡ್ಡು ಕರಗಿ ಪುಡಿ ಹೊರಟಿತು. ಆಯಿಲ್ ಫಿಲ್ಟರ್ ಇತ್ತಲ್ಲ ಅಂತ ಕೇಳುತ್ತೀರಿ. ಎಣ್ಣೆ ಹೋಗುವ ದಾರಿ ನೆನಪಿಸಿಕೊಳ್ಳಿ. ಸಂಪ್‌ನಿಂದ ಪಂಪ್, ಪಂಪ್‌ನಿಂದ ಫಿಲ್ಟರ್, ಫಿಲ್ಟರ್‌ನಿಂದ ಗ್ಯಾಲರಿ, ಗ್ಯಾಲರಿಯಿಂದ ಬೇರಿಂಗ್. ಫಿಲ್ಟರ್ ಗ್ಯಾಲರಿಗಿಂತ ಮುಂಚೆ ಇದೆ. ಗ್ಯಾಲರಿಯಲ್ಲೇ ಇರುವ ಕೊಳೆಗೂ ಬೇರಿಂಗಿಗೂ ನಡುವೆ ಯಾವ ಕಾವಲೂ ಇಲ್ಲ. ಬೇರಿಂಗಿನ ಮೇಲ್ಪದರವನ್ನು ಬೇಕೆಂದೇ ಮೆತ್ತಗೆ ಮಾಡಿರುತ್ತಾರೆ, ಒಂದೆರಡು ಕಣ ಬಂದರೆ ನುಂಗಿಕೊಳ್ಳಲಿ ಅಂತ. ಹಿಡಿ ಹಿಡಿ ಬಂದರೆ ಅದೇನು ಮಾಡೀತು? ಹೊಟ್ಟೆ ತುಂಬಿದ ಮೇಲೆ ಉಳಿದದ್ದು ಕ್ರ್ಯಾಂಕನ್ನು ಕೆರೆಯುತ್ತದೆ. ಹೊಸದಾಗಿ ಗ್ರೈಂಡ್ ಮಾಡಿಸಿದ್ದ ಕ್ರ್ಯಾಂಕ್ ಮತ್ತೆ ಗ್ರೈಂಡಿಂಗಿಗೆ ಹೋಯಿತು. 10 ಇದ್ದದ್ದು 20 ಥೌ ಆಯಿತು.

ಎರಡನೇ ಸಲ ತೊಳೆದ ವಿಧಾನ ಹೇಳುತ್ತೇನೆ. ಎಲ್ಲಕ್ಕಿಂತ ಮೊದಲು ಪ್ಲಗ್. ಬರುವುದಿಲ್ಲ ಅಂದದ್ದನ್ನು ನಡುವೆ ಡ್ರಿಲ್ ಮಾಡಿ, ಪುಡಿ ಮಾಡಿ ತೆಗೆದೆ. ಬ್ಲಾಕಿನ ತೂತಿನ ಗೋಡೆಗೆ ತಾಗದ ಹಾಗೆ ನಿಧಾನ. ಕೈಯಲ್ಲಿ ಆಗದಿದ್ದರೆ ಬೋರ್ ಮಾಡುವವರಿಗೇ ಹೇಳಿ, ಅವರಿಗೆ ಹತ್ತು ನಿಮಿಷದ ಕೆಲಸ. ನನಗೆ ಆಗ ಕೇಳಲು ಸಂಕೋಚ, ನಾನೇ ಕಟ್ಟುತ್ತೇನೆ ಅಂತ ಕೊಚ್ಚಿಕೊಂಡಿದ್ದೆನಲ್ಲ. ಆಮೇಲೆ ನೀರಿನ ದಾರಿಯ ಕೋರ್ ಪ್ಲಗ್‌ಗಳೂ ಹೊರಕ್ಕೆ. ಸೀಮೆಎಣ್ಣೆಯಲ್ಲಿ ಜಿಡ್ಡು ಬಿಡಿಸಿದೆ. ಅದು ಜಿಡ್ಡಿಗೆ ಮಾತ್ರ. ಹೋನಿಂಗ್ ಮಾಡಿದ ಬೋರಿನ ಮೇಲೆ ಅಡ್ಡಡ್ಡ ಸಣ್ಣ ಗೆರೆಗಳಿರುತ್ತವೆ. ಎಣ್ಣೆ ನಿಲ್ಲುವುದು ಅಲ್ಲೇ, ಕಲ್ಲಿನ ಪುಡಿ ಅಡಗುವುದೂ ಅಲ್ಲೇ. ಸೀಮೆಎಣ್ಣೆ, ಪೆಟ್ರೋಲ್ ಅದನ್ನು ಬಿಡಿಸುವುದಿಲ್ಲ, ಎಲ್ಲ ಕಡೆ ಹರಡುತ್ತವೆ ಅಷ್ಟೇ. ಬಿಸಿ ನೀರು, ಪಾತ್ರೆ ತೊಳೆಯುವ ಸೋಪು, ಗಟ್ಟಿ ಬ್ರಶ್. ಸೋಪಿನ ನೊರೆ ಕಣವನ್ನು ಎತ್ತಿಕೊಂಡು ಬರುತ್ತದೆ. ಗ್ಯಾಲರಿಗೆ ಬಂದೂಕಿನ ನಳಿಗೆ ತೊಳೆಯುವಂಥ ಉದ್ದನೆಯ ಬ್ರಶ್. ಕ್ರ್ಯಾಂಕಿನೊಳಗೂ ಓರೆಯಾಗಿ ಕೊರೆದ ಎಣ್ಣೆ ದಾರಿ ಇದೆ, ಅದಕ್ಕೆ ಇನ್ನೂ ಸಣ್ಣ ಬ್ರಶ್.

ಸಾಕಾಯಿತಾ ಅಂತ ತಿಳಿಯುವುದು ಹೇಗೆ? ಬಿಳಿ ಬಟ್ಟೆಗೆ ಒಂಚೂರು ಎಣ್ಣೆ ಹಾಕಿ ಬೋರ್ ಒರೆಸಿ. ಬೂದು ಬಣ್ಣ ಬಂತಾ? ಮತ್ತೆ ತೊಳೆಯಿರಿ. ನನ್ನ ಬಟ್ಟೆ ಬಿಳಿಯಾಗಿಯೇ ಹೊರಬಂದದ್ದು ಏಳನೇ ಸಲಕ್ಕೆ. ಮೊದಲ ಸಲ ಕಟ್ಟುವಾಗ ಈ ಪರೀಕ್ಷೆಯನ್ನು ಒಮ್ಮೆಯೂ ಮಾಡಿರಲಿಲ್ಲ. ತೊಳೆದಾದ ಮೇಲೆ ಕಾಫಿ ಕುಡಿದು ಬರೋಣ ಅನ್ನಬೇಡಿ. ಬರಿ ಬೀಡುಕಬ್ಬಿಣ ನೀರು ಆರುವ ಮುಂಚೆಯೇ ಕೆಂಪಗಾಗುತ್ತದೆ. ಗಾಳಿ ಹೊಡೆದು ಕೂಡಲೇ ಎಣ್ಣೆ ಸವರಿ, ಪ್ಲಾಸ್ಟಿಕ್ ಚೀಲ ಮುಚ್ಚಬೇಕು.

ಲೆಕ್ಕ ಇಟ್ಟಿದ್ದೇನೆ. ಎರಡನೇ ಸಲ ತೊಳೆಯಲು ಹಿಡಿದದ್ದು ಮೂರು ಪೂರ್ತಿ ದಿನ. ಬ್ಲಾಕಿನ ಕೆಳಭಾಗ ಜೋಡಿಸಿದ್ದು ಒಂದೇ ದಿನ.

ಜೋಡಿಸುವಾಗ ಶೆಲ್ಲಿನ ಬೆನ್ನು ಮತ್ತು ಅದು ಕೂರುವ ಜಾಗ ಒಣಗಿರಬೇಕು, ಒಳಮೈಗೆ ಮಾತ್ರ ಎಣ್ಣೆ. ಬೆನ್ನ ಹಿಂದೆ ಒಂದು ಎಳೆ ವೇಸ್ಟ್ ಬಟ್ಟೆ ಸಿಕ್ಕಿದರೂ ಅಲ್ಲಿ ಶೆಲ್ ಉಬ್ಬುತ್ತದೆ. ಸಂದು ಅಳೆಯಲು ಪ್ಲಾಸ್ಟಿಗೇಜ್ ಅಂತ ಮೇಣದ ದಾರ ಬರುತ್ತದೆ. ಒಣಗಿದ ಜರ್ನಲ್ ಮೇಲೆ ಒಂದು ತುಂಡು ಇಟ್ಟು, ಕ್ಯಾಪ್ ಹಾಕಿ ಪೂರ್ತಿ ಬಿಗಿದು, ಬಿಚ್ಚಿ ನೋಡಿದರೆ ದಾರ ಚಪ್ಪಟೆಯಾಗಿರುತ್ತದೆ. ಎಷ್ಟು ಅಗಲ ಆಗಿದೆ ಅಂತ ಪೊಟ್ಟಣದ ಮೇಲಿನ ಪಟ್ಟಿಗೆ ಹಿಡಿದರೆ ಸಂದು ಗೊತ್ತಾಗುತ್ತದೆ. ದಾರ ಇಟ್ಟಿರುವಾಗ ಮಾತ್ರ ಕ್ರ್ಯಾಂಕ್ ತಿರುಗಿಸಬೇಡಿ. ಜರ್ನಲ್ ಒಂದು ಇಂಚಿಗೆ ಒಂದು ಥೌ ಅನ್ನೋದು ಹಳಬರ ಅಂದಾಜು. ಮೇನ್ ಜರ್ನಲ್ ಸುಮಾರು ಎರಡು ಇಂಚು, ಸಂದು ಎರಡು ಥೌ ಆಸುಪಾಸು ಬಂದರೆ ನೆಮ್ಮದಿ. ಮೇನ್ ನಟ್‌ಗಳಿಗೆ 70 ಪೌಂಡ್ ಫೀಟ್, ಅಂದರೆ 95 ನ್ಯೂಟನ್ ಮೀಟರ್. ಒಂದೊಂದು ಕ್ಯಾಪ್ ಬಿಗಿದ ಮೇಲೂ ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸಿ ನೋಡಿ. ಐದನ್ನೂ ಬಿಗಿದು ಆಮೇಲೆ ತಿರುಗದಿದ್ದರೆ ಯಾವುದು ಹಿಡಿಯುತ್ತಿದೆ ಅಂತ ಹುಡುಕುತ್ತಾ ಕೂರಬೇಕು.

ನಡುವಿನ ಮೇನ್ ಬೇರಿಂಗ್ ಪಕ್ಕ ಥ್ರಸ್ಟ್ ವಾಷರ್ ಅಂತ ಅರ್ಧಚಂದ್ರದ ತುಂಡುಗಳು ಬರುತ್ತವೆ. ಕ್ಲಚ್ ಒತ್ತಿದಾಗ ಕ್ರ್ಯಾಂಕ್ ಮುಂದಕ್ಕೆ ಸರಿಯದ ಹಾಗೆ ತಡೆಯುವುದು ಅವೇ. ಅವುಗಳ ಒಂದು ಮುಖದಲ್ಲಿ ಎಣ್ಣೆಯ ಗೆರೆ ಇದೆ. ಆ ಮುಖ ಹೊರಗಡೆಗೆ, ಕ್ರ್ಯಾಂಕಿನ ಕಡೆಗೆ ಇರಬೇಕು. ತಿರುಗಿಸಿ ಹಾಕಿದರೂ ಸಲೀಸಾಗಿ ಕೂರುತ್ತವೆ, ಅದೇ ಅಪಾಯ. ಡಯಲ್ ಗೇಜ್ ಇಟ್ಟು ಕ್ರ್ಯಾಂಕನ್ನು ಹಿಂದೆ ಮುಂದೆ ದೂಡಿ ನೋಡಿ, ಆಟ 4ರಿಂದ 5 ಥೌ.

ರಿಂಗ್‌ಗಳನ್ನು ಪೆಟ್ಟಿಗೆಯಿಂದ ತೆಗೆದು ಸುಮ್ನೆ ಹಾಕಬೇಡಿ. ಒಂದೊಂದನ್ನೂ ಅದರದೇ ಬೋರಿನೊಳಗೆ ಇಳಿಸಿ, ಪಿಸ್ಟನ್ನಿನ ತಲೆಯಿಂದ ನೇರ ಮಾಡಿ, ತುದಿಗಳ ನಡುವಿನ ಸಂದಿಗೆ ಫೀಲರ್ ಗೇಜ್ ತೂರಿಸಿ. ಬೋರಿನ ಇಂಚಿಗೆ ನಾಲ್ಕು ಥೌ ಅಂದರೆ ಈ ಎಂಜಿನ್ನಿಗೆ ಹನ್ನೆರಡು ಹದಿಮೂರು. ಕಮ್ಮಿ ಇದ್ದರೆ ಬಿಸಿಗೆ ಹಿಗ್ಗಿ ತುದಿಗೆ ತುದಿ ಗುದ್ದಿ ರಿಂಗ್ ಮುರಿಯುತ್ತದೆ. ಪಿಸ್ಟನ್ ಇಳಿಸುವಾಗ ಕನೆಕ್ಟಿಂಗ್ ರಾಡಿನ ಬೋಲ್ಟ್‌ಗಳಿಗೆ ರಬ್ಬರ್ ಪೈಪಿನ ತುಂಡು ತೊಡಿಸಿ, ಕ್ರ್ಯಾಂಕಿಗೆ ಗೀರು ಬೀಳದಿರಲಿ. ಸುತ್ತಿಗೆಯ ಮರದ ಹಿಡಿಯಿಂದ ತಟ್ಟಿದರೆ ಪಿಸ್ಟನ್ ಇಳಿಯಬೇಕು. ನಿಂತರೆ ನಿಲ್ಲಿಸಿ. ಒಂದು ರಿಂಗ್ ಹೊರಗೆ ಇಣುಕಿರುತ್ತದೆ, ಇನ್ನೊಂದು ಪೆಟ್ಟು ಕೊಟ್ಟರೆ ಅದು ಮುರಿಯುತ್ತದೆ.

ಕ್ರ್ಯಾಂಕಿಗೂ ಕ್ಯಾಮಿಗೂ ಹೊಂದಿಕೆ, ಅಂದರೆ ಟೈಮಿಂಗ್ ಬಗ್ಗೆ ಎಲ್ಲರಿಗೂ ಭಯ, ಇದರಲ್ಲಿ ಅದು ಎಲ್ಲಕ್ಕಿಂತ ಸುಲಭ. ಎರಡು ಚಕ್ರದ ಮೇಲೂ ಚುಕ್ಕೆ ಇದೆ, ಚುಕ್ಕೆಗೆ ಚುಕ್ಕೆ ಎದುರಾಗಿ ಚೈನ್ ಹಾಕಿದರೆ ಮುಗಿಯಿತು. ಹೆಡ್ ಗ್ಯಾಸ್ಕೆಟ್ ಮೇಲೆ ಮುಂದು ಯಾವುದು, ಮೇಲು ಯಾವುದು ಅಂತ ಬರೆದೇ ಇರುತ್ತಾರೆ. ವಾಲ್ವ್ ಗ್ಯಾಪ್ ತಣ್ಣಗಿರುವಾಗ 15 ಥೌ. ಅದಕ್ಕೆ ಒಂದು ಚೆಂದದ ಲೆಕ್ಕ ಇದೆ, ಒಂಬತ್ತರ ಲೆಕ್ಕ. ಮುಂದಿನಿಂದ ಎಂಟು ವಾಲ್ವ್‌ಗಳಿಗೆ ನಂಬರ್ ಕೊಡಿ. ಎಂಟನೆಯದು ಪೂರ್ತಿ ತೆರೆದಾಗ ಒಂದನೆಯದನ್ನು ಹೊಂದಿಸಿ, ಆರನೆಯದು ತೆರೆದಾಗ ಮೂರನೆಯದನ್ನು. ಎರಡೂ ಕೂಡಿ ಒಂಬತ್ತು ಆಗಬೇಕು. ಮಗ್ಗಿ ಬರುವ ಮಗುವಿಗೂ ಕಲಿಸಬಹುದು.

ಶುರು ಮಾಡುವ ದಿನ. ಕಟ್ಟುವಾಗಲೇ ಆಯಿಲ್ ಪಂಪಿನೊಳಗೆ ಪೆಟ್ರೋಲಿಯಂ ಜೆಲ್ಲಿ ತುಂಬಿದ್ದೆ, ಒಣ ಪಂಪ್ ಎಣ್ಣೆ ಎಳೆಯುವುದಿಲ್ಲ. ಸ್ಪಾರ್ಕ್ ಪ್ಲಗ್ ತೆಗೆದು ಸ್ಟಾರ್ಟರ್‌ನಲ್ಲೇ ತಿರುಗಿಸಿದೆ, ಗೇಜಿನ ಮುಳ್ಳು ಏಳುವವರೆಗೆ. ಆಮೇಲೆ ಪ್ಲಗ್ ಹಾಕಿ ಚಾಲೂ. ಇಲ್ಲಿ ಎಲ್ಲರ ಕೈಯೂ ಐಡಲ್‌ಗೆ ಹೋಗುತ್ತದೆ, ಪಾಪ ಹೊಸ ಎಂಜಿನ್, ಮೆಲ್ಲಗೆ ಓಡಲಿ ಅಂತ. ತಪ್ಪು. ಹೊಸ ಕ್ಯಾಮೂ ಹೊಸ ಟ್ಯಾಪೆಟ್ಟೂ ಒಂದಕ್ಕೊಂದು ಉಜ್ಜಿ ಪಳಗಬೇಕು. ಅವಕ್ಕೆ ಎಣ್ಣೆ ಸಿಗುವುದು ಕ್ರ್ಯಾಂಕ್ ಎರಚಿದಾಗ. ಐಡಲ್‌ನಲ್ಲಿ ಎರಚುವುದು ಕಮ್ಮಿ, ಸ್ಪ್ರಿಂಗಿನ ಒತ್ತಡ ಜಾಸ್ತಿ. ಹಾಗಾಗಿ ಶುರುವಾದ ಕ್ಷಣದಿಂದ 2000ರಿಂದ 2500 ಆರ್‌ಪಿಎಂನಲ್ಲಿ ಇಪ್ಪತ್ತು ನಿಮಿಷ. ಎಣ್ಣೆಯಲ್ಲಿ ಸತುವಿನ ಅಂಶ ಚೆನ್ನಾಗಿರುವ 20ಡಬ್ಲ್ಯು-50 ಮಿನರಲ್ ಆಯಿಲ್. ಈಚಿನ ಕಾರುಗಳ ಎಣ್ಣೆಯಲ್ಲಿ ಆ ಸತು ಕಮ್ಮಿ ಮಾಡಿದ್ದಾರೆ. ಇಪ್ಪತ್ತು ನಿಮಿಷ ಆ ಸದ್ದು ಕೇಳುತ್ತಾ ನಿಲ್ಲುವುದು ಸುಲಭವಲ್ಲ. ಪ್ರತಿ ಸಣ್ಣ ಟಿಕ್ ಸದ್ದಿಗೂ ಎದೆ ಧಸಕ್ಕೆನ್ನುತ್ತದೆ. ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ, ನೀರು ಎಣ್ಣೆ ಸೋರುವುದನ್ನು ನೋಡಲು ಇನ್ನೊಬ್ಬರಿರಲಿ.

ಮೊದಲ ಎಣ್ಣೆ ಬೇಗ ಬದಲಾಯಿಸಿದೆ. ಹಳೇ ಫಿಲ್ಟರನ್ನು ಎಸೆಯದೆ ಕತ್ತರಿಸಿ, ಕಾಗದದ ಮಡಿಕೆಗಳನ್ನು ಬಿಡಿಸಿ ಬಿಸಿಲಿಗೆ ಹಿಡಿದೆ. ಒಂದೆರಡು ಮಿಂಚು ಇತ್ತು, ಹೊಸ ರಿಂಗಿನದು, ಅಷ್ಟು ಇದ್ದೇ ಇರುತ್ತದೆ. ಎರಡನೇ ಸಲ ಕತ್ತರಿಸಿದಾಗ ಅದೂ ಇರಲಿಲ್ಲ. ಬಿಸಿ ಐಡಲ್‌ನಲ್ಲಿ ಮುಳ್ಳು 20ರ ಹತ್ತಿರ ನಿಂತಿದೆ. ಆದರೂ ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಈಗ ಪ್ರಶ್ನೆ ಇದ್ದರೆ ಕೇಳಿ. ಕೆಂಪು ಚುಕ್ಕೆಯ ಶೆಲ್ ಇಲ್ಲಿ ಬಂತು. ನೀಲಿಯದು ಯಾರ ಹತ್ತಿರ ಇದೆ? ದಯವಿಟ್ಟು ಅದನ್ನು ವಾಪಸ್ ಕೊಡಿ, ಮನೆಯಲ್ಲಿ ಅದನ್ನು ಸ್ಪ್ಯಾನರ್ ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿಟ್ಟಿದ್ದೆ, ಅಲ್ಲಿಂದ ಕಿತ್ತುಕೊಂಡು ಬಂದಿದ್ದೇನೆ.